ಎರಡನೇ ಚೆಂಡು ಯಾರದ್ದು

ಜನವರಿ 6, ಸೋಮವಾರ

ಹೊಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಪಿ.ಟಿ. ಟೀಚರ್ ಆಗಿದ್ದೇನೆ. ಎಷ್ಟೋ ಹುಡುಗಿಯರಿಗೆ ಮುಖದ ಮೇಲೆ ಹೊಡೆದ ಹಾಗೆ "ನಿನಗೆ ಓಡೋಕೆ ಬರಲ್ಲ, ಹೋಗಿ ಕೂತ್ಕೋ" ಎಂದಿದ್ದೇನೆ. ಈಗ ಅಂಥದ್ದೇ ಒಂದು ಮಾತನ್ನು ಒಬ್ಬಳಿಗೆ ಹೇಳಬೇಕಾಗಿದೆ. ನಾಲಿಗೆ ಏಳುತ್ತಿಲ್ಲ.

ಸಂಜೆ ಇಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರ ಮಹಿಳಾ ವಾಲಿಬಾಲ್ ತಂಡಕ್ಕೆ ಕೋಚ್ ಆಗಿ ಇದು ಹನ್ನೊಂದನೇ ವರ್ಷ. ಫೆಬ್ರವರಿ ಒಂದಕ್ಕೆ ಕೃಷ್ಣಗಿರಿಯಲ್ಲಿ ಕಾರ್ಖಾನೆಗಳ ಮಹಿಳಾ ಲೀಗ್ ಶುರು. ಇದೇನು ಹವ್ಯಾಸದ ಆಟವಲ್ಲ. ಹುಡುಗಿಯರನ್ನು ಆಟ ನೋಡಿಯೇ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಆಟಕ್ಕೂ ಸಂಬಳ ಕೊಡುತ್ತಾರೆ. ಆರು ಜನ ಆಡುವ ಆಟದಲ್ಲಿ ಸೆಟ್ಟರ್ ಒಬ್ಬಳೇ. ಮೂರು ಸಲ ಮುಟ್ಟುವುದರೊಳಗೆ ಚೆಂಡನ್ನು ನೆಟ್ಟಿನಾಚೆ ದಾಟಿಸಬೇಕು. ಮೊದಲ ಚೆಂಡನ್ನು ಯಾರು ಬೇಕಾದರೂ ತಡೆಯಬಹುದು, ಮೂರನೆಯದನ್ನು ಯಾರು ಬೇಕಾದರೂ ಹೊಡೆಯಬಹುದು. ಎರಡನೆಯದು ಮಾತ್ರ ಸೆಟ್ಟರ್‌ದು. ಎಲ್ಲಿಗೆ ಎತ್ತಬೇಕು, ಯಾರಿಗೆ ಕೊಡಬೇಕು ಎಂಬುದೆಲ್ಲ ಅವಳ ತಲೆಯಲ್ಲಿರುತ್ತದೆ.

ಹನ್ನೊಂದು ವರ್ಷದಿಂದ ಆ ತಲೆ ಚಂದ್ರಲೇಖಾಳದು. ಬಾಗಲೂರಿನವಳು, ವಯಸ್ಸು ಮೂವತ್ತೈದು, ತಂಡದ ಕ್ಯಾಪ್ಟನ್. ನವೆಂಬರಿನಲ್ಲಿ ಉದ್ದನಪಲ್ಲಿಯಿಂದ ಲಕ್ಷ್ಮೀಪ್ರಿಯಾ ಬಂದಿದ್ದಾಳೆ. ಅವಳಿಗೆ ಇಪ್ಪತ್ತು. ಅವಳೂ ಸೆಟ್ಟರ್.

ಇಬ್ಬರೂ ಸರಿಸಮ ಎಂದು ಬರೆಯೋಣವೆಂದು ಕೂತೆ. ನನ್ನ ಡೈರಿಗೇ ಸುಳ್ಳು ಬರೆಯುವುದು ಯಾಕೆ? ಚಂದ್ರಳ ಕಾಲು ಅರ್ಧ ಹೆಜ್ಜೆ ಹಿಂದೆ ಬಿದ್ದಿದೆ. ಕೈ ಹಳೆಯದೇ, ಚಿನ್ನದಂಥ ಕೈ. ಆದರೆ ಕೈ ಚೆಂಡಿನ ಹತ್ತಿರ ಹೋಗುವುದು ಕಾಲಿನ ಮೇಲೆ ತಾನೇ.

ಜನವರಿ 9, ಗುರುವಾರ

ಪ್ರಿಯಾಳಿಗೆ ಸ್ವಲ್ಪ ಹೇಳಿಕೊಡು ಎಂದು ಚಂದ್ರಳಿಗೆ ನಾನೇ ಹೇಳಿದ್ದೆ. ಸ್ವಲ್ಪ ಅಂದರೆ ಸ್ವಲ್ಪ ಹೇಳಿಕೊಡುವವಳೇ ಅವಳು? ಎದುರಿನವರ ಭುಜ ನೋಡಿ ಹೊಡೆತ ಊಹಿಸುವುದರಿಂದ ಹಿಡಿದು ಬೆರಳಿಗೆ ಪಟ್ಟಿ ಸುತ್ತುವ ತನಕ ಎಲ್ಲವನ್ನೂ ಧಾರೆ ಎರೆದು ಕೊಡುತ್ತಿದ್ದಾಳೆ. "ಲೇ ಪ್ರಿಯಾ, ಬಾಲ್ ಬರೋ ಮುಂಚೆ ಒಂದ್ಸಲ ಹಿಂದಕ್ ತಿರುಗಿ ನೋಡ್ಬುಡು, ಆಮೇಲ್ ನೋಡಕ್ ಟೈಮ್ ಇರಲ್ಲ ಕಣೇ" ಎನ್ನುತ್ತಾಳೆ. ತಮಿಳಿನ ಹುಡುಗಿಯರಿಗೆ ತಗೋ, ಹಿಡಿ ಎನ್ನುವುದಕ್ಕೆ "ಇಂದಾ, ಪುಡಿ" ಎಂದು ಕೂಗಿ ಚೆಂಡು ಎತ್ತುತ್ತಾಳೆ, ತೆಲುಗಿನವರಿಗೆ ತೆಲುಗು. ಪ್ರಿಯಾ ಬಾಯಿ ಬಿಟ್ಟುಕೊಂಡು ನೋಡುತ್ತಾಳೆ.

ಇವತ್ತು ಚಂದ್ರ ಸುಲಭದ ಚೆಂಡೊಂದನ್ನು ಬಿಟ್ಟಳು. ಕಾಲು ಹೋಗಲಿಲ್ಲ. ಎದ್ದು ಮಂಡಿ ಒರೆಸಿಕೊಂಡು, ಹೊಸದಾಗಿ ಹಾಕಿರುವ ದೊಡ್ಡ ಲೈಟನ್ನು ಬೈದಳು.

"ಇದರ ಮನೆ ಹಾಳಾಗ, ಈ ಲೈಟ್ ಕೆಳಗೆ ಬಾಲು ಎರಡೆರಡು ಕಾಣ್ತದೆ ಕಣಕ್ಕ. ನಾನು ಇನ್ನೊಂದನ್ನ ಹಿಡಿಯಕ್ ಹೋದೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಜನವರಿ 16, ಗುರುವಾರ

ಪೊಂಗಲ್ ರಜೆ ಮುಗಿಯಿತು. ನಮ್ಮ ನಮ್ಮಲ್ಲೇ ಎರಡು ತಂಡ ಮಾಡಿ ಆಡಿಸಿದೆ. ಪ್ರಿಯಾ ಇದ್ದ ಕಡೆ ಮೂರು ಸೆಟ್ ಗೆದ್ದಿತು. ಹುಡುಗಿಯರನ್ನು ಅದಲುಬದಲು ಮಾಡಿ ಮತ್ತೆ ಆಡಿಸಿದೆ. ಮತ್ತೆ ಪ್ರಿಯಾ ಇದ್ದ ಕಡೆಯೇ ಗೆದ್ದಿತು. ಮೂರನೇ ಸಲ ಆಡಿಸುವ ಧೈರ್ಯ ಬರಲಿಲ್ಲ, ಕತ್ತಲಾಯಿತೆಂದು ಮನೆಗೆ ಕಳಿಸಿದೆ.

ಊಟಕ್ಕೆ ಕೂತಾಗ ಯಜಮಾನರು ಉಮಾಶಂಕರ್ ಕೇಳಿದರು. "ಏನ್ ಟೀಚರಮ್ಮ, ಅನ್ನವನ್ನ ಸಾಲಾಗಿ ನಿಲ್ಲಿಸ್ತಾ ಇದ್ದೀಯಲ್ಲ, ಡ್ರಿಲ್ ಮಾಡಿಸ್ತೀಯಾ?"

ವಿಷಯ ಹೇಳಿದೆ. "ಹೇಳಿಬಿಡು, ಅವಳೇನು ಮಗುವಾ?" ಎಂದರು. ಅವರಿಗೇನು, ಸುಲಭ. ನನಗೆ ಗರ್ಭಕೋಶದ ಆಪರೇಷನ್ ಆದಾಗ ಎಂಟು ದಿನ ರಜೆ ಹಾಕಿ ಆಸ್ಪತ್ರೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದವಳು ಅವಳು. ಗಂಡ ಎನಿಸಿಕೊಂಡವರು ಅಡ್ಮಿಷನ್ ಫಾರ್ಮ್ ತುಂಬುವಾಗ ನನ್ನ ವಯಸ್ಸನ್ನೇ ತಪ್ಪು ಬರೆದಿದ್ದರು, ಅವಳು ತಿದ್ದಿದಳು. ಅವಳಿಗೆ "ನಿನ್ನ ಆಟ ಮುಗಿಯಿತು" ಎಂದು ಯಾವ ಬಾಯಿಂದ ಹೇಳಲಿ?

ಜನವರಿ 20, ಸೋಮವಾರ

ಮುಗಿಯಿತು. ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

ಇವತ್ತು ನಿರಂಜನನಿಗೆ ಲೀಗಿನಲ್ಲಿ ಆಡುವವರ ಪಟ್ಟಿ ಕೊಡಬೇಕಿತ್ತು. ಅವನು ಕಾರ್ಖಾನೆಯ ಎಚ್‌ಆರ್ ಆಫೀಸರ್, ತಂಡದ ಮ್ಯಾನೇಜರ್ ಕೂಡ. ಕ್ಯಾಪ್ಟನ್ನನ್ನು ಕೈಬಿಟ್ಟರೆ ಕಾರಣ ಬರೆಯಬೇಕು, ಅದಕ್ಕೊಂದು ಕಾಲಂ ಇದೆ. ಪೆನ್ನು ಹಿಡಿದು ಹತ್ತು ನಿಮಿಷ ಕೂತೆ. ವಯಸ್ಸು ಎಂದು ಬರೆದರೆ ನೋಟಿಸ್ ಬೋರ್ಡಿಗೆ ಬರುತ್ತದೆ, ಸಾವಿರ ಜನ ಓದುತ್ತಾರೆ. ಕೊನೆಗೆ "ದೃಷ್ಟಿದೋಷ. ಆಡುವಾಗ ಚೆಂಡು ಎರಡಾಗಿ ಕಾಣುತ್ತದೆಂದು ಆಟಗಾರ್ತಿಯೇ ತಿಳಿಸಿದ್ದಾರೆ" ಎಂದು ಬರೆದೆ. ಅವಳು ಹೇಳಿದ್ದು ನಿಜ ತಾನೇ.

ನಮ್ಮಲ್ಲಿ ಹೆಣ್ಣು ನೋಡಿ ಹೋದವರಿಗೆ ಒಪ್ಪಿಗೆಯಾಗದಿದ್ದರೆ ಹುಡುಗಿ ಕಪ್ಪು, ಕುಳ್ಳಿ ಎಂದೇನೂ ಹೇಳಿ ಕಳಿಸುವುದಿಲ್ಲ. ಜಾತಕ ಕೂಡಿಬರಲಿಲ್ಲ ಅನ್ನುತ್ತಾರೆ. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಯಾರ ಮರ್ಯಾದೆಯೂ ಹೋಗುವುದಿಲ್ಲ. ನಾನು ಮಾಡಿದ್ದೂ ಅಷ್ಟೇ.

ಚಂದ್ರಳನ್ನು ಪಕ್ಕಕ್ಕೆ ಕರೆದು ಹೇಳಿದೆ. "ನಿನ್ನ ಕಣ್ಣಿಂದು ಯಾಕೋ ನನಗೆ ಯೋಚನೆ ಆಗ್ತಿದೆ ಕಣೇ. ಈ ವರ್ಷ ಪ್ರಿಯಾ ಆಡಲಿ, ನೀನು ಮೊದಲು ಕಣ್ಣು ನೋಡ್ಕೋ."

ಅವಳು ನನ್ನ ಮುಖವನ್ನೇ ನೋಡಿದಳು. "ಕಣ್ಣಾ ಅಕ್ಕ?"

"ಹೂಂ. ನೀನೇ ಹೇಳ್ತಿದ್ದೆಯಲ್ಲ."

"ಆಯ್ತಕ್ಕ" ಎಂದಳು. ಅಷ್ಟೇ. ಅರ್ಥ ಮಾಡಿಕೊಂಡಳು, ಜಾಣೆ.

ಜನವರಿ 24, ಶುಕ್ರವಾರ

ಇಲ್ಲ, ಅರ್ಥ ಮಾಡಿಕೊಂಡಿಲ್ಲ.

ಸಂಜೆ ಗ್ರೌಂಡಿಗೆ ಓಡಿಬಂದಳು. ಕೈಯಲ್ಲಿ ಕಣ್ಣಾಸ್ಪತ್ರೆಯ ಚೀಟಿ. "ಅಕ್ಕ, ಡಾಕ್ಟ್ರು ಏನೂ ಇಲ್ಲ ಅಂದ್ಬುಟ್ರು! ಕೊನೇ ಸಾಲಿನ್ ತನ್ಕ ಓದ್ದೆ. ತಮಿಳಲ್ಲಿತ್ತು, ಆದ್ರೂ ಓದ್ದೆ. ಹದಿನೆಂಟರ ಹುಡ್ಗಿ ಕಣ್ಣಿದ್ದಂಗೈತೆ ಅಂದ್ರು. ಈಗ ಆಡ್ಬೋದಲ್ಲ?"

ಪ್ರಿಯಾ ಅಲ್ಲೇ ನಿಂತಿದ್ದಳು. ಉಳಿದವರೂ ಇದ್ದರು. ಈಗಲಾದರೂ ಹೇಳಬೇಕಿತ್ತು. ಹೇಳುವುದಕ್ಕೆಂದೇ ಬಾಯಿ ತೆರೆದೆ. ಬಂದದ್ದು ಬೇರೆ.

"ಹಗಲು ಹೊತ್ತು ನೋಡಿದ್ರೆ ಹಾಗೇ ಕಣೇ. ಕೆಲವು ಸಲ ಒಳಗೆ ಇರೋದು ಡಾಕ್ಟರಿಗೂ ಸಿಗಲ್ಲ. ಪಟ್ಟಿ ಬೇರೆ ಹೋಗಿಬಿಟ್ಟಿದೆ."

ಪಟ್ಟಿಯನ್ನು ಮೂವತ್ತೊಂದರ ತನಕ ಬದಲಾಯಿಸಬಹುದು. ಅದು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು. ಅವಳು ಚೀಟಿಯನ್ನು ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡಳು. ಆಮೇಲೆ ಪ್ರಿಯಾಳ ಜತೆ ಒಂದು ಗಂಟೆ ಅಭ್ಯಾಸ ಮಾಡಿಸಿದಳು. ಆ ಒಂದು ಗಂಟೆ ನಾನು ಆಫೀಸಿನಲ್ಲಿ ಫೋನ್ ಬಂದವಳಂತೆ ಕೂತಿದ್ದೆ.

ಜನವರಿ 29, ಬುಧವಾರ

ನಿರಂಜನ ಕ್ಯಾಂಟೀನಿನಲ್ಲಿ ಕಾಫಿ ಕೊಡಿಸಿ, ಹವಾಮಾನ ಹೇಳುವವನ ಹಾಗೆ ಹೇಳಿದ. "ಮೇಡಂ, ಚಂದ್ರಲೇಖಾನ ಇನ್ಸ್‌ಪೆಕ್ಷನ್‌ನಿಂದ ತೆಗೆದು ಪ್ಯಾಕಿಂಗ್‌ಗೆ ಹಾಕಿದೀವಿ."

ಅವಳ ಕೆಲಸ ಭೂತಗನ್ನಡಿಯ ದೀಪದಡಿ ಕೂತು ಸಣ್ಣ ಸಣ್ಣ ಸರ್ಕ್ಯೂಟ್ ಬೋರ್ಡುಗಳ ಬೆಸುಗೆ ನೋಡುವುದು. ಲೈನಿನಲ್ಲಿ ಒಂಬತ್ತು ವರ್ಷ ನಿಂತು ದುಡಿದ ಮೇಲೆ ಸಿಕ್ಕಿದ ಕುರ್ಚಿ ಅದು. ಪ್ಯಾಕಿಂಗ್ ಎಂದರೆ ಪೂರ್ತಿ ಶಿಫ್ಟ್ ನಿಂತೇ ಇರಬೇಕು, ಆಡಿ ಆಡಿ ಸವೆದ ಆ ಮಂಡಿಯ ಮೇಲೆ.

"ಯಾಕೆ?" ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು.

"ನೀವೇ ಬರೆದು ಕೊಟ್ಟಿದ್ದೀರಲ್ಲ ಮೇಡಂ, ಎರಡೆರಡು ಕಾಣ್ತದೆ ಅಂತ. ಕಣ್ಣಿನ ದೂರು ಫೈಲಲ್ಲಿದ್ರೆ ಇನ್ಸ್‌ಪೆಕ್ಷನ್‌ನಲ್ಲಿ ಕೂರಿಸೋ ಹಂಗಿಲ್ಲ. ಹೊರಗಿನ ಡಾಕ್ಟರ ಚೀಟಿ ತಂದಿದ್ಲು, ಅದು ನಡೆಯಲ್ಲ. ಫೆಬ್ರವರಿ ಹತ್ತಕ್ಕೆ ಆ ಸೀಟಿಗೆ ಬೇರೆಯವರನ್ನ ಹಾಕ್ತಾರೆ. ಆಮೇಲೆ ವಾಪಸ್ ಸಿಗೋದು ಕಷ್ಟ."

"ಏನಾದರೂ ಮಾಡೋಕೆ ಆಗಲ್ವಾ?"

"ಬರೆದವರೇ ತಪ್ಪಾಯ್ತು ಅಂತ ಬರೆದುಕೊಟ್ರೆ ಆಗ್ತದೆ" ಎಂದು ನಕ್ಕ. ಅವನು ತಮಾಷೆಗೆ ಹೇಳಿದ.

ನೋಡೋಣ ಎಂದೆ. ಕಾಫಿ ಪೂರ್ತಿ ಕುಡಿದೆ. ಕುಡಿಯಲು ಆಗಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಕುಡಿದೆ.

ಫೆಬ್ರವರಿ 1, ಶನಿವಾರ

ಮೊದಲ ಪಂದ್ಯ ಗೆದ್ದೆವು. ಪ್ರಿಯಾ ತುಂಬ ಚೆನ್ನಾಗಿ ಆಡಿದಳು. ಎರಡನೇ ಸೆಟ್ಟಿನಲ್ಲಿ ಬೆನ್ನ ಹಿಂದಕ್ಕೆ ಎತ್ತಿದ ಒಂದು ಚೆಂಡಿಗೆ ಎದುರು ತಂಡದ ಕೋಚೂ ತಲೆದೂಗಿದ. ನನ್ನ ಆಯ್ಕೆ ಸರಿಯಾಗಿತ್ತು. ಇದನ್ನು ಎರಡು ಸಲ ಬರೆದು ನೋಡಿದೆ. ನನ್ನ ಆಯ್ಕೆ ಸರಿಯಾಗಿತ್ತು.

ಚಂದ್ರಲೇಖಾ ವಾರವಿಡೀ ಪ್ಯಾಕಿಂಗ್‌ನಲ್ಲಿ ನಿಂತು, ರಜೆಯ ದಿನ ಬಸ್ಸು ಹತ್ತಿ ಕೃಷ್ಣಗಿರಿಗೆ ಬಂದಿದ್ದಳು. ಬೆಂಚಿನ ತುದಿಯಲ್ಲಿ ಕೂತು ಬಾಟಲಿಗೆ ನೀರು ತುಂಬಿಸಿ ಕೊಟ್ಟಳು. ಪ್ರಿಯಾ ತಡವರಿಸಿದಾಗಲೆಲ್ಲ "ಹಿಂದಕ್ ನೋಡೇ, ಹಿಂದಕ್ ನೋಡು" ಎಂದು ಕೂಗಿದಳು. ಗೆದ್ದ ಮೇಲೆ ಮೊದಲು ಓಡಿಹೋಗಿ ಅವಳನ್ನು ತಬ್ಬಿಕೊಂಡವಳೂ ಇವಳೇ.

ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದೆ. ಬಾಟಲಿ ಕೊಡಲು ಬಂದಾಗ ನೀರು ಬೇಡ ಎಂದೆ. ಬಾಯಾರಿತ್ತು.

ಫೆಬ್ರವರಿ 2, ಭಾನುವಾರ

ಬರೆಯುವಂಥದ್ದೇನೂ ಇಲ್ಲ.

ಫೆಬ್ರವರಿ 5, ಬುಧವಾರ

ಅಭ್ಯಾಸ ಮುಗಿದ ಮೇಲೆ ಲಕ್ಷ್ಮೀಪ್ರಿಯಾ ಹೋಗದೆ ನಿಂತಳು. ಆ ಹುಡುಗಿ ನನ್ನೆದುರು ಎರಡು ಮಾತಿಗಿಂತ ಹೆಚ್ಚು ಆಡಿದವಳಲ್ಲ. ನೆಟ್ಟಿನ ಹಗ್ಗ ಸುತ್ತುತ್ತಾ, ನನ್ನನ್ನು ನೋಡದೆ ಹೇಳಿದಳು.

"ಮೇಡಂ, ಚಂದ್ರಕ್ಕನ ಕಣ್ಣು ಚೆನ್ನಾಗೈತೆ."

ನಾನು ಚೆಂಡುಗಳನ್ನು ಚೀಲಕ್ಕೆ ತುಂಬತೊಡಗಿದೆ.

"ಕೋರ್ಟಿನ ಆ ಕಡೆಯಿಂದ ನನ್ನ ಬೆರಳಿನ ಪಟ್ಟಿ ಬಿಚ್ಚಿದ್ದು ಕಂಡು ಬೈತಾರೆ. ಅಷ್ಟು ದೂರದಿಂದ ನಂಗೂ ಕಾಣಲ್ಲ."

"ಇರಬಹುದು" ಎಂದೆ.

"ಕಂಪನಿ ಬಸ್ಸಲ್ಲಿ ಎಲ್ರೂ ಅಂತಾರೆ, ಪಾಪ ಅವಳ ಕಣ್ಣು ಹೋಯ್ತು, ನಿಂಗೆ ಛಾನ್ಸು ಹೊಡೀತು ಅಂತ." ಹಗ್ಗವನ್ನು ಕೆಳಗಿಟ್ಟಳು. "ನಾನು ಚೆನ್ನಾಗಿ ಆಡ್ತೀನಿ ಮೇಡಂ. ಅದಕ್ಕೇ ತಗೊಂಡಿದ್ರೆ, ಅದನ್ನೇ ಯಾಕೆ ಬರೀಲಿಲ್ಲ ನೀವು?"

ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷದ ಹುಡುಗಿ ನನ್ನನ್ನು ಪ್ರಶ್ನೆ ಕೇಳುವುದೇ? "ಮೊದಲು ನಿನ್ನ ಸರ್ವೀಸ್ ಸರಿ ಮಾಡ್ಕೋ" ಎಂದು ಗದರಿದೆ. ಸರಿ ಮೇಡಂ ಎಂದು ಹೊರಟುಹೋದಳು.

ಮನೆಗೆ ಬಂದು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಇನ್ನೊಮ್ಮೆ ಹಾಕಿದೆ. ಉಮಾಶಂಕರ್ ಏನೂ ಹೇಳದೆ ಉಂಡರು. ಅವರು ತಮಾಷೆ ಮಾಡದಿದ್ದರೆ ನನ್ನ ಮುಖ ಹೇಗಿತ್ತು ಎಂದು ಗೊತ್ತಾಗುತ್ತದೆ.

ಒಬ್ಬಳಿಂದ ಕುರ್ಚಿ ಕಿತ್ತುಕೊಂಡೆ. ಇನ್ನೊಬ್ಬಳು ಗೆದ್ದು ಪಡೆದ ಜಾಗವನ್ನು ಭಿಕ್ಷೆ ಮಾಡಿಬಿಟ್ಟೆ. ಇಷ್ಟೆಲ್ಲ ಯಾರ ಮರ್ಯಾದೆ ಉಳಿಸುವುದಕ್ಕೆ? ಚಂದ್ರಳದ್ದು ಎಂದುಕೊಂಡಿದ್ದೆ. ನನ್ನದು. ಅವಳ ಕಣ್ಣಿನಲ್ಲಿ ನಾನು ಒಳ್ಳೆಯ ಅಕ್ಕನಾಗಿಯೇ ಉಳಿಯಬೇಕಿತ್ತು. ನಾಚಿಕೆಗೇಡು.

ಫೆಬ್ರವರಿ 8, ಶನಿವಾರ

ಎರಡನೇ ಪಂದ್ಯವನ್ನೂ ಗೆದ್ದೆವು. ಅದಿರಲಿ.

ಪಂದ್ಯ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ನಿರಂಜನನನ್ನು ಹಿಡಿದೆ. ಚಂದ್ರಲೇಖಾಳ ಕಣ್ಣಿಗೆ ಏನೂ ಆಗಿಲ್ಲ, ಅವಳು ತಮಾಷೆಗೆ ಆಡಿದ ಮಾತನ್ನು ನಾನು ಬೇಕೆಂದೇ ಕಾರಣವೆಂದು ಬರೆದೆ ಎಂದು ಹೇಳಿದೆ. ಅವನು ದೋಸೆ ಮುರಿಯುವುದನ್ನು ನಿಲ್ಲಿಸಿದ. ಒಳ್ಳೆಯ ಹುಡುಗ, ಯಾರಿಗೂ ನೋವಾಗಬಾರದು ಅವನಿಗೆ.

"ಪರವಾಯಿಲ್ಲೆ ಮೇಡಂ, ಇಷ್ಟೇ ತಾನೇ. ಟೈಪ್ ಮಾಡುವಾಗ ಬೇರೆ ಆಟಗಾರ್ತಿಯ ವಿಷಯ ಇವಳ ಹೆಸರಿನ ಮುಂದೆ ಬಿದ್ದಿದೆ ಅಂತ ಹಾಕಿಬಿಡ್ತೀನಿ. ಯಾರಿಗೂ ಏನೂ ಗೊತ್ತಾಗಲ್ಲ. ನಿಮ್ಮ ಹೆಸರೂ ಬರಲ್ಲ. ಸೋಮವಾರ ಅವಳು ಸೀಟಲ್ಲಿ ಕೂತಿರ್ತಾಳೆ."

ಎಂಥ ಒಳ್ಳೆಯ ದಾರಿ. ಕುರ್ಚಿ ವಾಪಸ್ ಬರುತ್ತದೆ, ಅವಳಿಗೆ ತಿಳಿಯುವುದಿಲ್ಲ, ನಾನು ಕೋಚಾಗಿಯೇ ಇರುತ್ತೇನೆ. ಬೇಡ ಎಂದೆ. ಯಾಕೆ ಬೇಡ ಎಂದೆನೋ, ಬಸ್ಸಿಗೆ ಬೇರೆ ಹೊತ್ತಾಗಿತ್ತು. ಅವನ ಹತ್ತಿರವೇ ಒಂದು ಹಾಳೆ ಇಸಿದುಕೊಂಡು, ಸಾಂಬಾರಿನ ಬಕೆಟ್ ಪಕ್ಕಕ್ಕೆ ಸರಿಸಿ ಬರೆದೆ: ಚಂದ್ರಲೇಖಾ ಅವರಿಗೆ ದೃಷ್ಟಿದೋಷ ಇಲ್ಲ. ನಾನು ಬರೆದದ್ದು ಸುಳ್ಳು. ಈ ವರ್ಷ ಅವರಿಗಿಂತ ಲಕ್ಷ್ಮೀಪ್ರಿಯಾ ಚೆನ್ನಾಗಿ ಆಡುತ್ತಾಳೆ, ಆದ್ದರಿಂದ ಅವಳನ್ನು ಆರಿಸಿದ್ದೇನೆ. ಸಹಿ ಹಾಕಿದೆ.

ನಿರಂಜನ ಓದಿ, "ಇದು ದೊಡ್ಡವರ ಟೇಬಲ್‌ಗೆ ಹೋಗ್ತದೆ ಮೇಡಂ. ಮುಂದಿನ ವರ್ಷ ನಿಮ್ಮನ್ನ ಕರೀತಾರೋ ಇಲ್ವೋ" ಎಂದ.

ಹೋಗಲಿ ಎಂದೆ. ನಾಳೆ ಬಾಗಲೂರಿಗೆ ಹೋಗಬೇಕು. ಹಾಳೆಯ ಮೇಲೆ ಬರೆದಷ್ಟು ಸುಲಭವಲ್ಲ ಅದು.

ಫೆಬ್ರವರಿ 9, ಭಾನುವಾರ

ಹತ್ತು ಗಂಟೆಗೆ ಬಾಗಲೂರಿನಲ್ಲಿ ಇಳಿದೆ. ಕೈಯಲ್ಲಿ ಎರಡು ಡಜನ್ ಬಾಳೆಹಣ್ಣು, ಬರಿಗೈಲಿ ಹೋಗಬಾರದಲ್ಲ. ಇಂಥ ಕೆಲಸಕ್ಕೂ ಹಣ್ಣು ಹಿಡಿದುಕೊಂಡೇ ಹೋದೆ.

ಚಂದ್ರ ಮನೆ ಮುಂದೆ ಕೂತು ಮಾರ್ಕೆಟ್ಟಿಗೆ ಕಳಿಸುವ ಹುರುಳಿಕಾಯಿ ಆರಿಸುತ್ತಿದ್ದಳು. ಗಂಡ ಕ್ರೇಟುಗಳನ್ನು ಟೆಂಪೋಗೆ ಏರಿಸುತ್ತಿದ್ದ. ನನ್ನನ್ನು ಕಂಡು ದಡಬಡಿಸಿ ಎದ್ದು, "ಅಯ್ಯೋ ಶಶಿಯಕ್ಕ! ಒಂದು ಫೋನ್ ಮಾಡ್ಬಾರ್ದಾ? ಸರಿತಾ, ಅಕ್ಕಂಗೆ ಚೇರ್ ಹಾಕು" ಎಂದು ಮಗಳನ್ನು ಕೂಗಿದಳು. ನಾನು ಕುರ್ಚಿ ಬೇಡವೆಂದು ಅವಳ ಪಕ್ಕದಲ್ಲೇ ಗೋಣಿಚೀಲದ ಮೇಲೆ ಕೂತೆ. ಹುಳುಕು ಕಾಯಿಗಳನ್ನು ಅವಳು ನೋಡನೋಡುತ್ತಲೇ ಹೆಕ್ಕಿ ಎಸೆಯುತ್ತಿದ್ದಳು. ಸಾಸಿವೆಯಷ್ಟು ತೂತಿದ್ದರೂ ಬಿಡುತ್ತಿರಲಿಲ್ಲ.

ಮಗಳು ಕಾಫಿ ತರಲು ಒಳಗೆ ಹೋದಾಗ ಹೇಳಿದೆ. "ಚಂದ್ರ, ನಿನ್ನ ಕಣ್ಣಿಗೆ ಏನೂ ಆಗಿಲ್ಲ. ನಾನು ಸುಳ್ಳು ಬರೆದೆ. ನಿನ್ನನ್ನ ಪ್ಯಾಕಿಂಗ್‌ಗೆ ಹಾಕಿದ್ದೂ ನಾನು ಬರೆದದ್ದರಿಂದಲೇ. ನೆನ್ನೆ ತಿದ್ದಿ ಬರೆದುಕೊಟ್ಟಿದ್ದೀನಿ. ನಾಳೆಯಿಂದ ನಿನ್ನ ಸೀಟು ನಿನಗೆ."

ಅವಳ ಕೈ ನಿಂತಿತು. "ಮತ್ತೆ ಯಾಕಕ್ಕ ನನ್ನ ಬಿಟ್ಟಿದ್ದು?"

ಇಪ್ಪತ್ತು ದಿನ ನುಂಗಿಕೊಂಡಿದ್ದ ಮಾತು. "ನಿನ್ನ ಕಾಲು ನಿಧಾನ ಆಗಿದೆ ಕಣೇ. ಪ್ರಿಯಾ ನಿನಗಿಂತ ಚೆನ್ನಾಗಿ ಆಡ್ತಾಳೆ. ಇದನ್ನ ನಿನ್ನ ಮುಖ ನೋಡಿ ಹೇಳೋಕೆ ನನಗೆ ಧೈರ್ಯ ಇರಲಿಲ್ಲ."

ಅಳುತ್ತಾಳೆ ಎಂದುಕೊಂಡೆ. ಬೈಯುತ್ತಾಳೆ ಎಂದುಕೊಂಡೆ. ಎರಡಕ್ಕೂ ತಯಾರಾಗಿಯೇ ಬಸ್ಸು ಹತ್ತಿದ್ದೆ.

"ಕಾಲಿಂದು ನಂಗೊತ್ತಕ್ಕ" ಎಂದಳು. "ಹೋದ್ ವರ್ಷದಿಂದಾನೇ ಗೊತ್ತು. ಈ ಸಲ ನೀವು ಹೇಳ್ತೀರ ಅಂತ ಕಾಯ್ತಾ ಇದ್ದೆ. ಹೇಳಿದ್ರೆ ಒಂದ್ ದಿನ ಅತ್ತು ಸುಮ್ನಾಗ್ಬುಡೋದು ಅಂತಿದ್ದೆ. ನೀವು ನೋಡಿದ್ರೆ ಕಣ್ಣು ಅಂದ್ರಿ."

ಹುರುಳಿಕಾಯಿಯ ರಾಶಿಯನ್ನೇ ನೋಡುತ್ತಾ ಹೇಳುತ್ತಾ ಹೋದಳು. "ಕಾಲಾಗಿದ್ರೆ ಅಕ್ಕ ಕಾಲು ಅಂತಾನೇ ಹೇಳೋರು, ಅವರು ಯಾವತ್ತು ಬಾಯಿ ಮುಚ್ಕೊಂಡಿದ್ದಾರೆ, ಕಣ್ಣು ಅಂದಮ್ಯಾಕೆ ಕಣ್ಣೇ ಇರ್ಬೇಕು ಅಂತ ನಂಬ್ಕೊಂಡೆ. ಡಾಕ್ಟ್ರು ಏನೂ ಇಲ್ಲ ಅಂದ್ರು. ಡಾಕ್ಟ್ರಿಗೂ ಸಿಗಲ್ಲ ಅಂತ ನೀವಂದ್ರಿ. ಡಾಕ್ಟ್ರು ನನ್ನ ಐದು ನಿಮಿಷ ನೋಡವ್ರೆ, ಅಕ್ಕ ಹನ್ನೊಂದು ವರ್ಷದಿಂದ ನೋಡ್ತಾವ್ರೆ ಅಂದ್ಕೊಂಡೆ. ದಿನಾ ಬೆಳಿಗ್ಗೆ ಎದ್ದು, ಸರಿತಾನ ಬಾಗಿಲ್ ತಾವ ನಿಲ್ಲಿಸ್ಕೊಂಡು, ಒಂದು ಕಣ್ಣು ಮುಚ್ಕೊಂಡು ಅವಳ ಮಕ ನೋಡೋದು, ಇನ್ನೊಂದು ಮುಚ್ಕೊಂಡು ನೋಡೋದು. ಅಮ್ಮ ಇದೇನ್ ಆಟ ಅಂತ ಕೇಳ್ತಾಳೆ. ಪೂರ್ತಿ ಹೋಗೋದ್ರೊಳಗೆ ಮಗಿನ ಮಕ ಚೆನ್ನಾಗಿ ನೋಡ್ಕೊಂಬುಡಾನ ಅಂತ."

ನನ್ನ ಲೆಕ್ಕದಲ್ಲಿ ಅವಳು ಕಳೆದುಕೊಂಡದ್ದು ಕ್ಯಾಪ್ಟನ್ ಪಟ್ಟ ಮತ್ತು ಒಂದು ಕುರ್ಚಿ. ಇದು ನನ್ನ ತಲೆಗೇ ಬಂದಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ಆದರೆ ಅವಳೂ ಹಿಡಿಯಲಿಲ್ಲ. "ನಿನ್ನ ಕಣ್ಣು ಚೆನ್ನಾಗಿದೆ ಚಂದ್ರ. ನನ್ನಾಣೆಗೂ ಚೆನ್ನಾಗಿದೆ. ಏನೂ ಆಗಿಲ್ಲ" ಎಂದೆ. ಮತ್ತೆ ಮತ್ತೆ ಅದನ್ನೇ ಹೇಳಿದೆ.

ಅವಳು ನಿಧಾನಕ್ಕೆ ಕೈ ಬಿಡಿಸಿಕೊಂಡು ಕಾಯಿ ಆರಿಸತೊಡಗಿದಳು. ಸಿಟ್ಟಿನಿಂದಲ್ಲ, ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂಬ ದನಿಯಲ್ಲೇ ಹೇಳಿದಳು.

"ಸರಿ ಅಕ್ಕ. ಆದ್ರೂ ನಾಳೆ ಇನ್ನೊಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡ್ ಬತ್ತೀನಿ."